ಹಳೆಯ ಹರ್ಬೇರಿಯಂ ಹಾಳೆಗಳ ಹೆಸರು ಸರಿಪಡಿಸಿದ ಹದಿನಾಲ್ಕು ತಿಂಗಳು

ಬೆಂಗಳೂರಿನ ಒಂದು ಹಳೆಯ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಲ್ಲಿ 1929ರಿಂದ 1968ರವರೆಗೆ ಅಧ್ಯಾಪಕರೂ ವಿದ್ಯಾರ್ಥಿಗಳೂ ಸೇರಿ ಒಣಗಿಸಿ, ಹಾಳೆಗೆ ಹೊಲಿದು, ಹೆಸರು ಬರೆದಿಟ್ಟ 842 ಸಸ್ಯ ಮಾದರಿಗಳಿವೆ. ಇಂಥ ಸಂಗ್ರಹಕ್ಕೆ ಹರ್ಬೇರಿಯಂ ಎನ್ನುತ್ತಾರೆ. ಆ ಹೆಸರುಗಳನ್ನೆಲ್ಲ ಇಂದಿನ ಬಳಕೆಗೆ ಹೊಂದಿಸುವ ಕೆಲಸವನ್ನು ಮೂರು ತಿಂಗಳಲ್ಲಿ ಮುಗಿಸಿಕೊಡುವುದಾಗಿ ಒಪ್ಪಿಕೊಂಡಿದ್ದ ನಾನು, ಹದಿನಾಲ್ಕು ತಿಂಗಳ ನಂತರ, ಕಳೆದ ವಾರ ಕೊನೆಯ ಚೀಟಿ ಅಂಟಿಸಿ ಬೀರುವಿಗೆ ಬೀಗ ಹಾಕಿ ಬಂದೆ. ಇಂಥ ಬೀರುಗಳು ನಾಡಿನ ಎಷ್ಟೋ ಕಾಲೇಜುಗಳಲ್ಲಿವೆ. ಅವುಗಳನ್ನು ತೆರೆಯಲು ಹೊರಟವರು ನಾನು ಕಳೆದುಕೊಂಡಷ್ಟು ದಿನಗಳನ್ನು ಕಳೆದುಕೊಳ್ಳದಿರಲಿ ಎಂಬ ಕಾರಣಕ್ಕೆ ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತಿದ್ದೇನೆ.

ಕೆಲಸ ಶುರುವಾದದ್ದು ಸೋರುವ ಮಾಳಿಗೆಯಿಂದ. ಕಟ್ಟಡದ ದುರಸ್ತಿಗೆಂದು ಬೀರುಗಳನ್ನು ಸ್ಥಳಾಂತರಿಸಬೇಕಾಗಿತ್ತು. ಹೇಗೂ ಹಾಳೆಗಳನ್ನು ಹೊರಗೆ ತೆಗೆಯುತ್ತಾರೆ, ಹಾಗೆಯೇ ಒಂದೊಂದರ ಫೋಟೊ ತೆಗೆದು ಸಂಗ್ರಹವನ್ನು ಗಣಕಕ್ಕೆ ಏರಿಸೋಣ, ಅದಕ್ಕೂ ಮೊದಲು ಹಳೆಯ ಹೆಸರುಗಳನ್ನು ಸರಿಪಡಿಸೋಣ ಎಂದು ವಿಭಾಗದವರು ಯೋಚಿಸಿದರು. ನಾನು ಬೇರೊಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತಿಯಾಗಿದ್ದೆ. ಜೂನ್ ತಿಂಗಳ ಒಂದು ಮಧ್ಯಾಹ್ನ ಫೋನ್ ಬಂದಾಗ ಮರುಮಾತಿಲ್ಲದೆ ಒಪ್ಪಿಕೊಂಡೆ.

ಮೊದಲ ದಿನ ಬೀರು ತೆರೆದಾಗ ನುಸಿಗುಳಿಗೆಯ ವಾಸನೆ ಮುಖಕ್ಕೆ ರಾಚಿತು. ಮೇಲಿನ ಕಟ್ಟಿನಲ್ಲಿದ್ದದ್ದು ಮುತ್ತುಗದ ಹಾಳೆ. ಮೂರೆಲೆಗಳ ಒಂದು ತೊಟ್ಟು, ಬಣ್ಣ ಮಾಸಿ ಒಣ ಅರಿಸಿನದಂತಾಗಿದ್ದ ಹೂಗೊಂಚಲು, ತೊಟ್ಟನ್ನು ಹಾಳೆಗೆ ಬಿಗಿದ ಬಿಳಿ ದಾರದ ಆರು ಹೊಲಿಗೆ, ಬಲಗಡೆಯ ಕೆಳಮೂಲೆಯಲ್ಲಿ ಮಸಿಯಿಂದ ಬರೆದ ಚೀಟಿ. ಎಲೆಯ ಸುತ್ತ ಕಾಗದದ ಮೇಲೆ ಬೂದು ಮಿಶ್ರಿತ ಕಪ್ಪು ಕಲೆಗಳಿದ್ದವು. ಅದನ್ನು ಬೂಷ್ಟು ಎಂದುಕೊಂಡು ಬರಿಗೈಯಲ್ಲಿ ಒರೆಸಲು ಹೋದ ವಿದ್ಯಾರ್ಥಿನಿಯ ಕೈ ಹಿಡಿದು ನಿಲ್ಲಿಸಿದೆ. ಹುಳ ಹಿಡಿಯದಿರಲೆಂದು ಆ ಕಾಲದಲ್ಲಿ ಮಾದರಿಗಳನ್ನು ಮರ್ಕ್ಯುರಿಕ್ ಕ್ಲೋರೈಡ್ ದ್ರಾವಣದಲ್ಲಿ ಅದ್ದುತ್ತಿದ್ದರು. ಅದು ಪಾದರಸದ ವಿಷ. ಎಷ್ಟು ವರ್ಷ ಕಳೆದರೂ ಹಾಳೆಯನ್ನು ಬಿಟ್ಟು ಹೋಗುವುದಿಲ್ಲ. ಆ ದಿನ ಕೆಲಸ ಅಲ್ಲಿಗೇ ನಿಂತಿತು. ನೈಟ್ರೈಲ್ ಕೈಗವಸು, ಮುಖಗವಸು ತರಿಸಿ, ಎರಡೂ ಬದಿಯ ಕಿಟಕಿ ತೆರೆದು, ಒಳಗೆ ಕಾಫಿ ತಿಂಡಿ ತರಬಾರದೆಂದು ಎಲ್ಲರೂ ಒಪ್ಪಿಕೊಂಡ ಮೇಲೆಯೇ ಮುಂದುವರಿದೆವು. 1980ಕ್ಕಿಂತ ಹಿಂದಿನ ಹಾಳೆಗಳನ್ನು ಮುಟ್ಟುವವರು ಹಾಳೆಯ ಮೇಲೆ ವಿಷ ಎಂಬ ಮುದ್ರೆ ಇರಲಿ ಬಿಡಲಿ, ಅದು ವಿಷ ಸೇರಿದ ಹಾಳೆ ಎಂದೇ ಎಣಿಸಿಕೊಳ್ಳುವುದು ಕ್ಷೇಮ.

ಹಾಳೆಗಳ ಜೊತೆಗೆ ಒಂದು ದಪ್ಪ ವಹಿ ಇತ್ತು. ಅದರಲ್ಲಿದ್ದ ಹೆಸರುಗಳನ್ನು ಇಬ್ಬರು ವಿದ್ಯಾರ್ಥಿಗಳು ಮೂರು ವಾರ ಕೂತು ಟೈಪು ಮಾಡಿದರು. ಒಂದೇ ಸಸ್ಯದ ಹಲವು ಹಾಳೆಗಳನ್ನು ಒಟ್ಟಿಗೆ ಎಣಿಸಿದಾಗ 503 ಹೆಸರುಗಳು ಸಿಕ್ಕವು. ನಾನು ಮಾಡಿದ ಮೊದಲ ತಪ್ಪು ಇಲ್ಲಿಯೇ. ಹೆಸರಿನ ಕೊನೆಯಲ್ಲಿ ಬರುವ, ಹೆಸರಿಟ್ಟವರನ್ನು, ಅಂದರೆ ಕರ್ತೃಗಳನ್ನು ಸೂಚಿಸುವ ಸಂಕ್ಷಿಪ್ತ ಅಕ್ಷರಗಳನ್ನು ಬಿಟ್ಟುಬಿಡಿ, ಅವು ಬೇಕಾದರೆ ಆಮೇಲೆ ಸೇರಿಸೋಣ ಎಂದು ಹೇಳಿದ್ದೆ. ಅದರ ಫಲ ಹಿಪ್ಪೆಮರದ ಹಾಳೆಯಲ್ಲಿ ತಿಳಿಯಿತು. ವಹಿಯಲ್ಲಿ ಹಿಪ್ಪೆಗೆ ಬ್ಯಾಸಿಯಾ ಲ್ಯಾಟಿಫೋಲಿಯಾ ಎಂಬ ಹೆಸರಿತ್ತು. ಹೆಸರಿನ ಮೊದಲ ಪದವಾದ ಬ್ಯಾಸಿಯಾ ಎಂಬ ಕುಲನಾಮವನ್ನು 1766ರಲ್ಲಿ ಯೂರೋಪಿನ ಒಬ್ಬ ಸಸ್ಯವಿಜ್ಞಾನಿ ದಂಟು, ರಾಜಗಿರಿಗಳ ಕುಟುಂಬದ ಒಂದು ಸಣ್ಣ ಗಿಡಕ್ಕೆ ಇಟ್ಟಾಗಿತ್ತು. ಹಿಪ್ಪೆಯ ಬಳಗಕ್ಕೆ ಅದೇ ಹೆಸರು ಬಂದದ್ದು 1771ರಲ್ಲಿ. ಒಂದೇ ಹೆಸರು ಎರಡು ಕುಲಗಳಿಗಿದ್ದರೆ ಮೊದಲು ಇಟ್ಟದ್ದೇ ಉಳಿಯಬೇಕೆಂಬುದು ನಿಯಮವಾದ್ದರಿಂದ ಹಿಪ್ಪೆ ಈಗ ಮಧೂಕ ಲಾಂಗಿಫೋಲಿಯಾ. ಕರ್ತೃವಿನ ಹೆಸರಿಲ್ಲದೆ ಹುಡುಕಿದ ಕಾರಣ ಗಣಕ ನಮ್ಮ ಹಿಪ್ಪೆಮರವನ್ನು ದಂಟಿನ ಸೊಪ್ಪಿನ ಪಕ್ಕದಲ್ಲಿ ಕೂರಿಸಿತ್ತು. 503 ಹೆಸರುಗಳಿಗೂ ಕರ್ತೃಗಳನ್ನು ಸೇರಿಸಲು ಮತ್ತೆ ಎರಡು ವಾರ ಬೇಕಾಯಿತು. ಚೀಟಿಯಲ್ಲಿ ಏನಿದೆಯೋ ಅದನ್ನು ಕಾಗುಣಿತದ ತಪ್ಪಿನ ಸಮೇತ, ಒಂದಕ್ಷರವನ್ನೂ ತಿದ್ದದೆ, ಒಂದು ಕಂಬಸಾಲಿನಲ್ಲಿ ನಮೂದಿಸಿಕೊಂಡು, ತಿದ್ದಿದ ರೂಪವನ್ನು ಪಕ್ಕದ ಸಾಲಿನಲ್ಲಿ ಬರೆಯಬೇಕು. ಇದೊಂದನ್ನು ಮೊದಲ ದಿನವೇ ಪಾಲಿಸಿದ್ದರೆ ಎಷ್ಟೋ ಶ್ರಮ ಉಳಿಯುತ್ತಿತ್ತು.

ಈ ಹೆಸರುಗಳೆಲ್ಲ ಏಕೆ ಬದಲಾಗುತ್ತವೆ ಎಂದು ಕಾಲೇಜಿನ ಬೇರೆ ವಿಭಾಗದವರು ಪದೇಪದೇ ಕೇಳುತ್ತಿದ್ದರು. ಸಸ್ಯಗಳ ಹೆಸರಿನ ಲೆಕ್ಕ ಶುರುವಾಗುವುದು 1753ರ ಮೇ 1ರಿಂದ, ಎರಡು ಪದಗಳ ಹೆಸರಿಡುವ ಪದ್ಧತಿಯನ್ನು ನೆಲೆಗೊಳಿಸಿದ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್‌ನ ಗ್ರಂಥದ ದಿನಾಂಕದಿಂದ. ಅಲ್ಲಿಂದೀಚೆಗೆ ಒಂದು ಸಸ್ಯಕ್ಕೆ ನಿಯಮಬದ್ಧವಾಗಿ ಮೊದಲು ಕೊಟ್ಟ ಹೆಸರಿಗೇ ಮನ್ನಣೆ. ನಮ್ಮ ಗೋಣಿಮರದ ಹಾಳೆ ಇದಕ್ಕೆ ಉದಾಹರಣೆ. ಅದರ ಹೆಸರು ಬದಲಿಸುವಾಗ ನನಗೆ ನಿಜವಾಗಿ ಸಂಕಟವಾಯಿತು. ಚೀಟಿಯಲ್ಲಿದ್ದದ್ದು ಫೈಕಸ್ ಮೈಸೂರೆನ್ಸಿಸ್, ಅಂದರೆ ಮೈಸೂರಿನ ಆಲ. ಟಿಪ್ಪುವಿನ ಪತನದ ನಂತರ ಲಾಲ್‌ಬಾಗ್‌ನ ಉಸ್ತುವಾರಿ ಹೊತ್ತಿದ್ದ ಬೆಂಜಮಿನ್ ಹೇನ್ ಸಂಗ್ರಹಿಸಿ ಕಳಿಸಿದ ಮಾದರಿಗಳನ್ನು ನೋಡಿ ರೋಥ್ ಎಂಬ ಜರ್ಮನ್ ವಿದ್ವಾಂಸ 1821ರಲ್ಲಿ ಪ್ರಕಟಿಸಿದ ಹೆಸರು ಅದು. ಆದರೆ ಥುನ್‌ಬರ್ಗ್ ಎಂಬ ಸಸ್ಯವಿಜ್ಞಾನಿ 1786ರಲ್ಲಿಯೇ ಅದೇ ಜಾತಿಯ ಮರವನ್ನು ಫೈಕಸ್ ಡ್ರುಪೇಸಿಯಾ ಎಂದು ಕರೆದಿದ್ದ. ಮೂವತ್ತೈದು ವರ್ಷ ತಡವಾದದ್ದಕ್ಕೆ ಮೈಸೂರಿನ ಹೆಸರು ಹಿಂದೆ ಸರಿಯಬೇಕಾಯಿತು. ಹಳೆಯ ಚೀಟಿಯನ್ನು ಕೀಳದೆ ಹಾಗೆಯೇ ಉಳಿಸಬೇಕೆಂಬ ನನ್ನ ಹಟ ಆ ದಿನದಿಂದ ಇನ್ನಷ್ಟು ಗಟ್ಟಿಯಾಯಿತು.

ಕಾಲಗಣನೆಯಿಂದಲ್ಲದೆ ತಿಳಿವಳಿಕೆ ಬದಲಾದದ್ದರಿಂದ ಹೊಸ ಹೆಸರು ಪಡೆದವೂ ಇವೆ. ಮಲ್ಲೇಶ್ವರದ ಒಂದು ರಸ್ತೆಗೇ ಹೆಸರು ಕೊಟ್ಟ ಸಂಪಿಗೆಯನ್ನು ಲಿನೇಯಸ್ ಮೈಕೇಲಿಯಾ ಚಂಪಕ ಎಂದಿದ್ದ; ಮೈಕೇಲಿಯಾವನ್ನು ಮ್ಯಾಗ್ನೋಲಿಯಾದಿಂದ ಬೇರೆ ಮಾಡಿ ತೋರಿಸುವ ಗೆರೆ ವಂಶವಾಹಿಗಳ ಪರೀಕ್ಷೆಯಲ್ಲಿ ನಿಲ್ಲದೆ ಹೋದ ಕಾರಣ ಅದೀಗ ಮ್ಯಾಗ್ನೋಲಿಯಾ ಚಂಪಕ. ಚಂಪಕ ಎಂಬ ನಮ್ಮ ಪದ ಉಳಿದುಕೊಂಡಿತು ಎಂಬುದೇ ಸಮಾಧಾನ. ತಂಗಡಿ ಕ್ಯಾಸಿಯಾದಿಂದ ಸೆನ್ನಾಗೆ ಹೋಯಿತು. ಲಾವಂಚ ಆಂಡ್ರೋಪೋಗಾನ್ ಆಗಿದ್ದದ್ದು ವೆಟಿವೇರಿಯಾ ಆಗಿ ಈಗ ಕ್ರೈಸೋಪೋಗಾನ್‌ನಲ್ಲಿ ನಿಂತಿದೆ.

ಜಾಲಿಯ ಕತೆ ಮಾತ್ರ ಈ ಎರಡಕ್ಕೂ ಸೇರದು. ಅಕೇಸಿಯಾ ಎಂಬ ದೊಡ್ಡ ಕುಲವನ್ನು ಒಡೆಯುವುದು ಅನಿವಾರ್ಯವಾದಾಗ ಮೂಲ ಹೆಸರು ಯಾವ ಭಾಗಕ್ಕೆ ಸಲ್ಲಬೇಕು ಎಂಬ ಪ್ರಶ್ನೆ ಎದ್ದಿತು. ಕುಲದ ಹೆಸರು ಯಾವ ಜಾತಿಗೆ ಕಟ್ಟುಬಿದ್ದಿರುತ್ತದೆಯೋ ಆ ಆಧಾರ ಮಾದರಿ ಕರಿಜಾಲಿಯದೇ ಆಗಿದ್ದರೂ, ಆಸ್ಟ್ರೇಲಿಯಾದಲ್ಲಿ ಸಾವಿರದಷ್ಟು ಜಾತಿಗಳಿಗೆ ಹೆಸರು ಬದಲಿಸಬೇಕಾಗುತ್ತದೆ ಎಂಬ ಕಾರಣ ಕೊಟ್ಟು, ಆಧಾರವನ್ನೇ ಅಲ್ಲಿಯ ಒಂದು ಜಾತಿಗೆ ವರ್ಗಾಯಿಸಲಾಯಿತು. ಸಸ್ಯವಿಜ್ಞಾನಿಗಳ 2005ರ ವಿಯೆನ್ನಾ ಸಮ್ಮೇಳನ ಇದನ್ನು ಒಪ್ಪಿತು, 2011ರ ಮೆಲ್ಬರ್ನ್ ಸಮ್ಮೇಳನ ಎತ್ತಿಹಿಡಿಯಿತು. ಹೀಗಾಗಿ ನಮ್ಮ ಹೊಲದ ಬದುಗಳ ಕರಿಜಾಲಿ, ಬಿಳಿಜಾಲಿಗಳು ವಾಚೆಲಿಯಾ ಆದವು, ಕಾಚಿನ ಮರ ಸೆನೆಗಾಲಿಯಾ ಆಯಿತು, ಹೊರಗಿನಿಂದ ತಂದು ನೆಡುತೋಪುಗಳಲ್ಲಿ ಬೆಳೆಸಿದ ಅಕೇಸಿಯಾ ಆರಿಕ್ಯುಲಿಫಾರ್ಮಿಸ್ ಮಾತ್ರ ಅಕೇಸಿಯಾ ಆಗಿಯೇ ಉಳಿಯಿತು. ಇದು ನ್ಯಾಯವಲ್ಲವೆಂದು ನನಗೆ ಈಗಲೂ ಅನ್ನಿಸುತ್ತದೆ. ಆದರೂ ಚೀಟಿಯಲ್ಲಿ ವಾಚೆಲಿಯಾ ಎಂದೇ ಬರೆದೆ, ಏಕೆಂದರೆ ಜಗತ್ತಿನ ಬೇರೆ ಮೂಲೆಯಲ್ಲಿ ಕುಳಿತು ಈ ಮರವನ್ನು ಹುಡುಕುವವರು ಆ ಹೆಸರಿನಿಂದಲೇ ಹುಡುಕುತ್ತಾರೆ.

ಆಗಸ್ಟ್ ಹೊತ್ತಿಗೆ 503 ಹೆಸರುಗಳನ್ನು ಜಾಲತಾಣಗಳ ಪಟ್ಟಿಯೊಂದಿಗೆ ಹೋಲಿಸಿದೆವು. ಲಂಡನ್ನಿನ ಕ್ಯೂ ಉದ್ಯಾನದವರ ಪಟ್ಟಿ ಮತ್ತು ವರ್ಲ್ಡ್ ಫ್ಲೋರಾ ಆನ್‌ಲೈನ್ ಎರಡೂ ಉಚಿತ. ದಿ ಪ್ಲಾಂಟ್ ಲಿಸ್ಟ್ ಎಂಬ ಹಳೆಯ ಪಟ್ಟಿಯನ್ನು ಈಗಲೂ ಕೆಲವರು ಬಳಸುತ್ತಾರೆ. 2013ರ ನಂತರ ಅದನ್ನು ಪರಿಷ್ಕರಿಸಿಲ್ಲವಾದ್ದರಿಂದ ಅದನ್ನು ನೆಚ್ಚಬಾರದು. ನಮ್ಮ 503ರಲ್ಲಿ 214 ಹೆಸರುಗಳು ಬದಲಾಗಿಲ್ಲವೆಂದೂ, 236ಕ್ಕೆ ನೇರವಾದ ಹೊಸ ಹೆಸರಿದೆಯೆಂದೂ, 53ನ್ನು ಹಾಳೆ ನೋಡಿಯೇ ತೀರ್ಮಾನಿಸಬೇಕೆಂದೂ ಲೆಕ್ಕ ಸಿಕ್ಕಿತು. ಮುತ್ತುಗ, ನೇರಳೆ, ಅತ್ತಿಗಳಂಥವುಗಳ ಹೊಸ ಹೆಸರು ಒಂದು ಗಂಟೆಯೊಳಗೆ ತುಂಬಿಹೋಯಿತು. ದೀಪಾವಳಿಯೊಳಗೆ ಮುಗಿಯುತ್ತದೆ ಎಂದು ವಿಭಾಗದ ಮುಖ್ಯಸ್ಥರಿಗೆ ಹೇಳಿಯೂ ಬಿಟ್ಟೆ.

ಅನುಮಾನ ಮೊದಲು ಹುಟ್ಟಿದ್ದು ಬೇವಿನ ಹಾಳೆಯಿಂದ. ಗಣಕದ ಪಟ್ಟಿಯಲ್ಲಿ ಅದು ಮೀಲಿಯಾ ಅಝೆಡರಾಕ್ ಎಂದಿತ್ತು, ಪಕ್ಕದಲ್ಲಿ ಅಂಗೀಕೃತ ಎಂಬ ಹಸಿರು ಗುರುತೂ ಇತ್ತು. ಅದು ಹುಚ್ಚುಬೇವಿನ ಹೆಸರು. ವಿಭಾಗದಲ್ಲಿ ಮೂವತ್ತು ವರ್ಷದಿಂದ ಇರುವ ಪ್ರಯೋಗಾಲಯದ ಸಹಾಯಕರು ಹಾಳೆ ತಂದು ಮುಂದಿಟ್ಟು, "ಮೇಡಂ, ಇದು ನಮ್ಮ ಯುಗಾದಿ ಬೇವೇ ಅಲ್ಲವಾ?" ಎಂದರು. ಹೌದು, ನಡುದಿಂಡಿನ ಎರಡು ಬದಿಗೆ ನೇರವಾಗಿ ಕೂತ, ಅಂಚು ಗರಗಸದಂತಿದ್ದ ಕಿರುಎಲೆಗಳು. ಹುಚ್ಚುಬೇವಿನಲ್ಲಾದರೆ ದಿಂಡು ಮತ್ತೆ ಕವಲೊಡೆದು ಆ ಕವಲುಗಳ ಮೇಲೆ ಕಿರುಎಲೆಗಳಿರುತ್ತವೆ. ಮೂಲ ಚೀಟಿ ನೋಡಿದಾಗ ಅದರಲ್ಲಿ ಮೀಲಿಯಾ ಅಝಾಡಿರಾಕ್ಟಾ ಎಂದು ಸ್ಪಷ್ಟವಾಗಿ ಬರೆದಿತ್ತು. 1753ರಲ್ಲಿ ಲಿನೇಯಸ್ ಈ ಎರಡು ಮರಗಳಿಗೂ ಒಂದೇ ಕುಲದಲ್ಲಿ, ಕಿವಿಗೆ ಒಂದೇ ಎನ್ನಿಸುವ ಎರಡು ಹೆಸರುಗಳನ್ನಿಟ್ಟಿದ್ದ. ಟೈಪಿಸುವಾಗ ಅಕ್ಷರಗಳು ಜಾರಿದ್ದವು, ಗಣಕ ಹತ್ತಿರದ ಹೆಸರಿಗೆ ಹೊಂದಿಸಿ ಸುಮ್ಮನಾಗಿತ್ತು. ಬೇವನ್ನು 1830ರಲ್ಲಿ ಅಝಾಡಿರಾಕ್ಟಾ ಎಂಬ ಬೇರೆ ಕುಲಕ್ಕೆ ಸೇರಿಸಿದರು. ಹಾಗಾದರೆ ಲಿನೇಯಸ್ ಕೊಟ್ಟ ಜಾತಿನಾಮ, ಅಂದರೆ ಹೆಸರಿನ ಎರಡನೆಯ ಪದ, ಏಕೆ ಉಳಿಯಲಿಲ್ಲ ಎಂದು ವಿದ್ಯಾರ್ಥಿನಿ ಕೇಳಿದಳು, ಒಳ್ಳೆಯ ಪ್ರಶ್ನೆ. ಉಳಿಸಿದ್ದರೆ ಅಝಾಡಿರಾಕ್ಟಾ ಅಝಾಡಿರಾಕ್ಟಾ ಎಂದಾಗುತ್ತಿತ್ತು. ಪ್ರಾಣಿಗಳಲ್ಲಿ ಗೊರಿಲ್ಲಾ ಗೊರಿಲ್ಲಾ ಎಂದು ಬರೆಯಬಹುದು, ಸಸ್ಯಗಳಲ್ಲಿ ಕುಲನಾಮವೂ ಜಾತಿನಾಮವೂ ಒಂದೇ ಆಗಕೂಡದು. ಆದ್ದರಿಂದ ಬೇವು ಅಝಾಡಿರಾಕ್ಟಾ ಇಂಡಿಕಾ.

ಅದಾದ ಎರಡು ದಿನಕ್ಕೆ ಅಶೋಕದ ಹಾಳೆ ಕೈಗೆ ಬಂತು. ಚೀಟಿಯಲ್ಲಿ ಸರಾಕಾ ಇಂಡಿಕಾ ಎಂದಿತ್ತು. ಗಣಕವೂ ಸರಾಕಾ ಇಂಡಿಕಾ ಅಂಗೀಕೃತ ಎಂದಿತ್ತು. ಅಕ್ಷರ ತಪ್ಪಿಲ್ಲ, ಕರ್ತೃವಿನ ಹೆಸರೂ ಸರಿಯಾಗಿದೆ. ಆದರೂ ಅದು ತಪ್ಪು. ಲಿನೇಯಸ್ ಸರಾಕಾ ಇಂಡಿಕಾ ಎಂದು ಹೆಸರಿಟ್ಟದ್ದು ಜಾವಾ ಮೊದಲಾದ ಆಗ್ನೇಯ ಏಷ್ಯಾದ ಪ್ರದೇಶಗಳ ಒಂದು ಮರಕ್ಕೆ. ನಮ್ಮ ಅಶೋಕವೂ ಅದೇ ಎಂದು ಭಾವಿಸಿ ಇಲ್ಲಿಯ ಪುಸ್ತಕಗಳು ಬಹುಕಾಲ ಅದೇ ಹೆಸರನ್ನು ಬಳಸಿದವು. ಎರಡೂ ಬೇರೆ ಜಾತಿಗಳೆಂದು 1960ರ ದಶಕದ ಅಧ್ಯಯನ ಸ್ಪಷ್ಟಪಡಿಸಿದ ಮೇಲೆ ನಮ್ಮದು ಸರಾಕಾ ಅಶೋಕ ಆಯಿತು. ಜಾವಾದ ಮರದ ಹೆಸರು ತನ್ನ ಮಟ್ಟಿಗೆ ಸರಿಯಾಗಿಯೇ ಇದೆ, ಆದ್ದರಿಂದ ಗಣಕ ಹಸಿರು ಗುರುತು ಕೊಡುತ್ತದೆ. ನಮ್ಮ ಹಾಳೆಯಲ್ಲಿರುವುದು ಆ ಮರವಲ್ಲ ಎಂಬುದು ಅದಕ್ಕೆ ತಿಳಿಯುವ ಮಾರ್ಗವಿಲ್ಲ.

ಆ ಸಂಜೆ ಮನೆಗೆ ಹೋಗುವಾಗ ಬಸ್ಸಿನಲ್ಲಿ ಇದೊಂದೇ ಯೋಚನೆ. ಬದಲಾಗಿಲ್ಲ ಎಂದು ಪಕ್ಕಕ್ಕಿಟ್ಟಿದ್ದ 214 ಹೆಸರುಗಳೇ ಎಲ್ಲಕ್ಕಿಂತ ಅಪಾಯದವು, ಏಕೆಂದರೆ ಅವುಗಳ ಹಾಳೆಗಳನ್ನು ನಾವು ತೆರೆದೇ ನೋಡಿರಲಿಲ್ಲ. ಮರುದಿನ ಮೊದಲಿನಿಂದ ಶುರುಮಾಡಿದೆವು. ಒಂದೊಂದು ಹಾಳೆಯನ್ನೂ ಹತ್ತುಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರದಲ್ಲಿ ನೋಡಿ, ವಿವರಣೆಯೊಂದಿಗೆ ಹೋಲಿಸಿ, ಆ ಹೆಸರಿನ ಸಸ್ಯದ ಸಹಜ ನೆಲೆ ಯಾವುದು ಎಂದು ಪಟ್ಟಿಯಲ್ಲಿ ಪರಿಶೀಲಿಸಿದೆವು. ಇದಕ್ಕೆ ನಾಲ್ಕು ತಿಂಗಳು ಹಿಡಿಯಿತು. ಹೀಗೆ ಅಡಗಿದ್ದ ತಪ್ಪುಗಳು ಒಂಬತ್ತು ಸಿಕ್ಕವು. ಜಕರಂಡಾ ಹಾಳೆಯಲ್ಲಿ ಜಕರಂಡಾ ಅಕ್ಯೂಟಿಫೋಲಿಯಾ ಎಂದಿತ್ತು. ಆ ಹೆಸರು ಪೆರು ದೇಶದ ಬೇರೊಂದು ಜಾತಿಯದು, ಬೆಂಗಳೂರಿನ ರಸ್ತೆಗಳಲ್ಲಿ ನೇರಳೆ ಬಣ್ಣದ ಹೂ ಚೆಲ್ಲುವುದು ಜಕರಂಡಾ ಮಿಮೋಸಿಫೋಲಿಯಾ. ಸಾಲುಮರವಾಗಿ ನೆಟ್ಟ, ಚಿಕ್ಕೆಲೆಯ ಒಂದು ಆಲಕ್ಕೆ ಫೈಕಸ್ ರೆಟ್ಯೂಸಾ ಎಂದು ಬರೆದಿದ್ದರು. ಅದು ಫೈಕಸ್ ಮೈಕ್ರೊಕಾರ್ಪಾ. ಪಟ್ಟಿಯಲ್ಲಿ ಹೆಸರು ಅಂಗೀಕೃತವಾಗಿದ್ದು, ನೆಲೆ ಮಾತ್ರ ನಮ್ಮ ಸೀಮೆಗೆ ಸಂಬಂಧವಿಲ್ಲದ್ದಾಗಿದ್ದರೆ, ಅಲ್ಲಿ ನಿಲ್ಲಿ. ನೆಟ್ಟು ಬೆಳೆಸಿದ ಮರವೇ, ತಾನಾಗಿ ಬೆಳೆದದ್ದೇ ಎಂದು ನೋಡಿ, ನಂತರ ಹಾಳೆಯನ್ನೇ ಕೇಳಿ.

ಇಂಥ ಕಡೆ ಹಳಬರು ಯಾವ ಪುಸ್ತಕ ನೋಡಿ ಗುರುತಿಸಿದ್ದರು ಎಂಬುದು ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. ನಮ್ಮ ಸಂಗ್ರಹದ ಹಳೆಯ ಭಾಗ ಹೂಕರ್ ಸಂಪಾದಿಸಿದ ಬ್ರಿಟಿಷ್ ಭಾರತದ ಸಸ್ಯಸಂಪತ್ತಿನ ಏಳು ಸಂಪುಟಗಳನ್ನು (1872–1897) ಅನುಸರಿಸಿತ್ತು. ನಂತರದ್ದು ಗ್ಯಾಂಬಲ್ ಆರಂಭಿಸಿ ಫಿಶರ್ ಮುಗಿಸಿದ ಮದ್ರಾಸ್ ಪ್ರಾಂತ್ಯದ ಗ್ರಂಥವನ್ನು (1915–1936). ಈ ಎರಡೂ ಜಾಲದಲ್ಲಿ ಉಚಿತವಾಗಿ ಓದಲು ಸಿಗುತ್ತವೆ. ಅಲ್ಲಿಂದ ಇಂದಿನ ಹೆಸರಿಗೆ ಬರಲು ಸಲ್ಡಾನ್ಹ ಅವರ ಕರ್ನಾಟಕದ ಸಸ್ಯಸಂಪತ್ತಿನ ಸಂಪುಟಗಳು (1984, 1996) ನಡುವಿನ ಸೇತುವೆಯಾದವು. ಅವುಗಳಲ್ಲಿ ಇರುವ ಕುಟುಂಬಗಳ ಮಟ್ಟಿಗೆ ಅಷ್ಟು ನೆರವಾದ ಗ್ರಂಥ ಬೇರಿಲ್ಲ.

ಕೆಲಸ ಹೀಗೆ ಸಾಗುತ್ತಿದ್ದಾಗ ಎದುರಾದ ಅಡ್ಡಿಯನ್ನು ನಾನು ನಿರೀಕ್ಷಿಸಿಯೇ ಇರಲಿಲ್ಲ. ಕಾಲೇಜಿನ ಕಚೇರಿಯ ಲೆಕ್ಕದಲ್ಲಿ ಈ ಹಾಳೆಗಳು ದಾಸ್ತಾನು. ದಾಸ್ತಾನು ವಹಿಯಲ್ಲಿ ಹೊಂಗೆಯ ಹಳೆಯ ಹೆಸರಾದ ಪಾಂಗಾಮಿಯಾ ಗ್ಲಾಬ್ರಾ ಮೂರು ಎಂದಿದ್ದು, ಬೀರುವಿನಲ್ಲಿ ಆ ಹೆಸರಿನ ಹಾಳೆಯೇ ಇಲ್ಲದಿದ್ದರೆ, ಆಡಿಟ್‌ನವರು ಮೂರು ಹಾಳೆ ಕಾಣೆಯಾಗಿವೆ ಎಂದು ಬರೆಯುತ್ತಾರೆ ಎಂಬ ಆಕ್ಷೇಪ ಬಂತು. ಸಮಿತಿಯ ಒಪ್ಪಿಗೆ ಸಿಗುವವರೆಗೆ ಒಂದು ಚೀಟಿಯನ್ನೂ ಅಂಟಿಸಬಾರದೆಂದರು. ಸಮಿತಿ ಸೇರುವುದಕ್ಕೆ ಏಳು ವಾರ ಕಾದೆವು. ಮೊದಲು ಸಿಟ್ಟು ಬಂದಿತ್ತು. ಯೋಚಿಸಿದಾಗ ಅವರ ಮಾತಿನಲ್ಲಿ ಹುರುಳಿತ್ತು. ಕೊನೆಗೆ ಆದ ಏರ್ಪಾಡು ಇದು: ದಾಸ್ತಾನು ವಹಿಯ ಹೆಸರನ್ನು ತಿದ್ದುವುದಿಲ್ಲ, ಪ್ರತಿ ಹಾಳೆಗೂ ಬದಲಾಗದ ಒಂದು ಕ್ರಮಸಂಖ್ಯೆ ಕೊಟ್ಟು, ವಹಿ, ಹಾಳೆ, ಗಣಕದ ಪಟ್ಟಿ ಮೂರರಲ್ಲೂ ಆ ಸಂಖ್ಯೆ ಬರೆಯುವುದು. ಹೆಸರು ನಾಳೆ ಮತ್ತೆ ಬದಲಾದರೂ ಸಂಖ್ಯೆ ಹಾಳೆಯನ್ನು ಹಿಡಿದು ಕೊಡುತ್ತದೆ. ಕೆಲಸ ಒಪ್ಪಿಕೊಳ್ಳುವ ಮೊದಲೇ ಈ ಬಗ್ಗೆ ಕಚೇರಿಯಿಂದ ಲಿಖಿತ ಒಪ್ಪಿಗೆ ಪಡೆದುಕೊಳ್ಳಿ.

ಕುಟುಂಬಗಳ ವಿಷಯದಲ್ಲಿ ನಾವು ಬೀರುವಿನ ಜೋಡಣೆಯನ್ನು ಮುಟ್ಟಲಿಲ್ಲ. ತೇಗ ಈಗ ತುಳಸಿಯ ಕುಟುಂಬಕ್ಕೆ, ಎಕ್ಕ ಕಣಗಿಲೆಯ ಕುಟುಂಬಕ್ಕೆ, ಬೂರುಗ ದಾಸವಾಳದ ಕುಟುಂಬಕ್ಕೆ ಸೇರಿವೆ. ಅದನ್ನೆಲ್ಲ ಪಟ್ಟಿಯಲ್ಲಿ ತೋರಿಸಿ, ಹಾಳೆಗಳನ್ನು ಬೆಂಥಮ್ ಮತ್ತು ಹೂಕರ್ ಅವರ ಹಳೆಯ ವರ್ಗೀಕರಣದ ಕ್ರಮದಲ್ಲಿಯೇ ಬಿಟ್ಟೆವು.

ಹಾಳೆ ನೋಡಿಯೇ ತೀರ್ಮಾನಿಸಬೇಕಾಗಿದ್ದ 53ರಲ್ಲಿ 31ನ್ನು ನಾವೇ ಬಿಡಿಸಿಕೊಂಡೆವು. ಅದಕ್ಕಾಗಿ ಪತ್ರ ಬರೆದು ಅನುಮತಿ ಪಡೆದು ಕೊಯಮತ್ತೂರಿಗೆ ಎರಡು ದಿನ ಹೋಗಿ, ಭಾರತೀಯ ಸಸ್ಯವೈಜ್ಞಾನಿಕ ಸರ್ವೇಕ್ಷಣೆಯ ದಕ್ಷಿಣ ಕೇಂದ್ರದಲ್ಲಿರುವ, ಮದ್ರಾಸ್ ಹರ್ಬೇರಿಯಂ ಎಂದೇ ಹೆಸರಾದ ಸಂಗ್ರಹದ ಹಾಳೆಗಳೊಂದಿಗೆ ನಮ್ಮ ಫೋಟೊಗಳನ್ನು ಹೋಲಿಸಿ ಬಂದೆ. ಉಳಿದವು ಹೆಚ್ಚಾಗಿ ಹುಲ್ಲು, ಜೇಕುಗಳು. ಅವುಗಳ ತೆನೆಯ ಒಳಭಾಗ ಬಲ್ಲವರು ಈ ದೇಶದಲ್ಲಿ ಕೆಲವೇ ಮಂದಿ, ಅವರೆಲ್ಲ ತಮ್ಮ ಕೆಲಸದಲ್ಲಿ ಮುಳುಗಿದವರು. ಫೋಟೊಗಳನ್ನು ಕಳಿಸಿ ಐದು ತಿಂಗಳು ಕಾದ ಮೇಲೆ 14ಕ್ಕೆ ಉತ್ತರ ಬಂತು. ಕಾಯುವ ಹೊತ್ತಿನಲ್ಲಿ ನೆನಪಿಸುವ ಪತ್ರಗಳನ್ನು ಮೇಲಿಂದ ಮೇಲೆ ಬರೆಯಬಾರದೆಂದು ನನ್ನನ್ನು ನಾನೇ ತಡೆದುಕೊಂಡೆ. ಫೋಟೊದಲ್ಲಿ ಅಳತೆಪಟ್ಟಿ ಇರಲೇಬೇಕು. ತೆನೆಯನ್ನು ಬಿಡಿಸದೆ, ಹಾಳೆಗೆ ಅಂಟಿಸಿದ ಲಕೋಟೆಯಲ್ಲಿ ಮೊದಲೇ ಉದುರಿದ ಚೂರುಗಳಿದ್ದರೆ ಅವುಗಳ ಚಿತ್ರ ತೆಗೆದು ಕಳಿಸಿದರೆ ಸಾಕಾಗುತ್ತದೆ. ಮಾದರಿಯನ್ನೇ ಹೊರದೇಶದ ತಜ್ಞರಿಗೆ ಅಂಚೆಯಲ್ಲಿ ಹಾಕುವ ಯೋಚನೆ ಬಂದರೆ, 2002ರ ಜೀವವೈವಿಧ್ಯ ಕಾಯ್ದೆಯ ನಿಯಮಗಳನ್ನು ಮೊದಲು ತಿಳಿದುಕೊಳ್ಳಬೇಕು. ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರ ಇದನ್ನು ನೋಡಿಕೊಳ್ಳುತ್ತದೆ. ನಾವು ಫೋಟೊ ಬಿಟ್ಟು ಬೇರೇನನ್ನೂ ಕಳಿಸಲಿಲ್ಲ.

ಹೆಸರು ನಿರ್ಧಾರವಾದ ಮೇಲೂ ಹೊಂಗೆ ನಮ್ಮನ್ನು ಎರಡು ಸಲ ಕೂರಿಸಿತು. ಚೀಟಿಯಲ್ಲಿ ಪಾಂಗಾಮಿಯಾ ಗ್ಲಾಬ್ರಾ. 1970ರ ದಶಕದ ಬರಹಗಳಲ್ಲಿ ಡೆರಿಸ್ ಇಂಡಿಕಾ. 1989ರಲ್ಲಿ ಪಾಣಿಗ್ರಾಹಿ ಅವರು ಕೊಟ್ಟ ಮಿಲೆಟಿಯಾ ಪಿನ್ನೇಟಾ ಎಂಬ ಹೆಸರನ್ನು ಜೈವಿಕ ಇಂಧನದ ಲೇಖನಗಳು ಈಗಲೂ ಬಳಸುತ್ತವೆ. ಕ್ಯೂ ಪಟ್ಟಿ ಪಾಂಗಾಮಿಯಾ ಪಿನ್ನೇಟಾ ಎನ್ನುತ್ತದೆ. ದೊಡ್ಡಪತ್ರೆಯದು ಇನ್ನೊಂದು ಬಗೆ. 1930ರ ದಶಕದ ಚೀಟಿಯಲ್ಲಿ ಕೋಲಿಯಸ್ ಎಂದಿತ್ತು. ನಾನು ಪಾಠ ಮಾಡುವ ಕಾಲಕ್ಕೆ ಅದು ಪ್ಲೆಕ್ಟ್ರಾಂಥಸ್ ಆಗಿತ್ತು, ಪರೀಕ್ಷೆಯಲ್ಲಿ ಕೋಲಿಯಸ್ ಎಂದು ಬರೆದವರಿಗೆ ನಾನು ಅಂಕ ಕಡಿದದ್ದೂ ಇದೆ. 2019ರ ಅಧ್ಯಯನ ಕೋಲಿಯಸ್ ಕುಲವನ್ನು ಮತ್ತೆ ಎತ್ತಿ ನಿಲ್ಲಿಸಿತು, ದೊಡ್ಡಪತ್ರೆ ಕೋಲಿಯಸ್ ಅಂಬೋಯ್ನಿಕಸ್ ಆಯಿತು. ಆ ವಿದ್ಯಾರ್ಥಿಗಳ ಮುಖಗಳು ನೆನಪಾಗಿ ಮನಸ್ಸು ಭಾರವಾಯಿತು. ಆದಕಾರಣ ಹೊಸ ಚೀಟಿಯ ಮೇಲೆ ಹೆಸರಷ್ಟೇ ಬರೆದರೆ ಸಾಲದು. ಯಾವ ಪಟ್ಟಿಯನ್ನು ಅನುಸರಿಸಿದೆವು, ಯಾವ ದಿನ ನೋಡಿದೆವು, ಗುರುತಿಸಿದವರು ಯಾರು, ಹಾಳೆಯನ್ನು ಪರೀಕ್ಷಿಸಿ ಗುರುತಿಸಿದ್ದೋ ಅಥವಾ ಹಳೆಯ ಗುರುತನ್ನು ನಂಬಿ ಹೆಸರನ್ನು ಮಾತ್ರ ಬದಲಿಸಿದ್ದೋ, ಇಷ್ಟೂ ಅಲ್ಲಿರಬೇಕು. ಕೊನೆಯದು ಬಹಳ ಮುಖ್ಯ. ಅದನ್ನು ಬರೆಯದ ಚೀಟಿ ಮುಂದಿನವರನ್ನು ದಾರಿ ತಪ್ಪಿಸುತ್ತದೆ. ಹಳೆಯ ಚೀಟಿಯ ಮೇಲೆ ಗೀಟು ಎಳೆಯಬಾರದು, ಅದರ ಮೇಲೆ ಹೊಸದನ್ನು ಅಂಟಿಸಬಾರದು, ಪಕ್ಕದಲ್ಲಿ ಅಂಟಿಸಬೇಕು. ಬಾಲ್‌ಪೆನ್ನಿನ ಶಾಯಿ ಹರಡುತ್ತದೆ, ಮಾಸುತ್ತದೆ. ನಾವು ಆಮ್ಲರಹಿತ ಕಾಗದದ ಮೇಲೆ ಲೇಸರ್ ಮುದ್ರಣ ಮಾಡಿಸಿದೆವು.

ಖರ್ಚಿನ ವಿಷಯ ಹೇಳುವುದಾದರೆ, ಕಾಗದ, ಅಂಟು, ಕೈಗವಸು, ಎರಡು ಕೈಮಸೂರ, ಫೋಟೊ ತೆಗೆಯುವ ಸ್ಟ್ಯಾಂಡು, ಮುದ್ರಣ, ಕೊಯಮತ್ತೂರಿನ ಪ್ರಯಾಣ, ಎಲ್ಲ ಸೇರಿ ಸುಮಾರು 18,400 ರೂಪಾಯಿ ಆಯಿತು. ಇದರಲ್ಲಿ ವಿಭಾಗ ಕೊಟ್ಟದ್ದು 10,000; ಉಳಿದದ್ದು ನನ್ನದು. ಜಾಲದ ಪಟ್ಟಿಗಳಿಗೆ ಯಾರೂ ಹಣ ಕೇಳಲಿಲ್ಲ. ಫೋಟೊಗಳನ್ನು ಮೊಬೈಲಿನಲ್ಲಿಯೇ ತೆಗೆದೆವು. ದುಬಾರಿ ಕ್ಯಾಮೆರಾಗಿಂತ ಸಮನಾದ ಬೆಳಕು ಮುಖ್ಯ.

ಚೀಟಿ ಅಂಟಿಸುವ ಕೆಲಸದ ಕೊನೆಯ ವಾರ ಕೈಗೆ ಬಂದದ್ದು ಒಂದು ನೀರುಗಿಡದ ಹಾಳೆ. ನೆಲಕ್ಕೆ ಒರಗಿದ ತೆಳುಕಾಂಡ, ಗಿಣ್ಣುಗಳಲ್ಲಿ ಬೆಂಡಿನಂಥ ಬಿಳಿಯ ಬೇರುಗಳು, ಕಾಗದದಷ್ಟು ತೆಳುವಾದ ಒಂದು ಹೂವು. ಜಸ್ಸಿಯಾ ರೆಪೆನ್ಸ್, ಸಂಪಂಗಿ ಕೆರೆ, 1934, ನೀರಿನ ಅಂಚಿನಲ್ಲಿ ಹೇರಳ ಎಂದು ಚೀಟಿಯಲ್ಲಿತ್ತು. ಹೆಸರಿಗೇನೂ ತೊಡಕಿರಲಿಲ್ಲ, ಈಗ ಅದು ಲುಡ್ವಿಜಿಯಾ ಆಡ್‌ಸೆಂಡೆನ್ಸ್. ತೊಡಕು ಊರಿನ ಸಾಲಿನಲ್ಲಿತ್ತು. ಸ್ಥಳದ ಹೆಸರನ್ನೂ ಇಂದಿನದಕ್ಕೆ ಬದಲಿಸೋಣವೇ ಎಂದು ವಿದ್ಯಾರ್ಥಿ ಕೇಳಿದ. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಇನ್ನೊಂದು ಕಟ್ಟಿನ ಹಾಳೆಗಳಲ್ಲಿದ್ದ ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ. ಕ್ರೀಡಾಂಗಣದಲ್ಲಿ ನೀರಿನ ಅಂಚಿನಲ್ಲಿ ಹೇರಳ ಎಂದು ಬರೆಯುವುದು ಹೇಗೆ? ಆ ಸಾಲನ್ನು ಮುಟ್ಟಬೇಡ ಎಂದೆ. ಗಣಕದ ಪಟ್ಟಿಯಲ್ಲಿ ಮಾತ್ರ ಇಂದಿನ ಜಾಗದ ಹೆಸರಿಗೆ ಬೇರೆ ಕಂಬಸಾಲು ಮಾಡಿ, ಕೆರೆ ಈಗಿಲ್ಲ ಎಂದು ಸೇರಿಸಿದೆವು. ಅಂಥ ಹಾಳೆಗಳು ನಮ್ಮಲ್ಲಿ 37 ಇವೆ. ಆ ಕೆರೆಯಂಗಳಗಳಲ್ಲಿ ಏನು ಬೆಳೆಯುತ್ತಿತ್ತು ಎಂಬುದಕ್ಕೆ ಈ ಕಾಲೇಜಿನಲ್ಲಿ ಉಳಿದಿರುವ ಸಾಕ್ಷಿ ಅವಷ್ಟೇ.

ಎಂಟು ಹಾಳೆಗಳಿಗೆ ಹೆಸರು ಸಿಗಲಿಲ್ಲ. ಹೂವಿಲ್ಲದ, ಕಾಯಿಲ್ಲದ ರೆಂಬೆಗಳು ನಾಲ್ಕು, ಹುಳ ತಿಂದು ತೆನೆಯೇ ಉಳಿಯದ ಹುಲ್ಲುಗಳು ನಾಲ್ಕು. ಅವುಗಳನ್ನು ಪ್ರತ್ಯೇಕ ಕಟ್ಟು ಮಾಡಿ ಕೆಳಗಿನ ಖಾನೆಯಲ್ಲಿಡುವಾಗ, "ಇವಕ್ಕೂ ಒಂದು ಚೀಟಿ ಅಂಟಿಸೋಣ ಮೇಡಂ, ನೋಡಿದ್ದೇವೆ ಅಂತಾದರೂ ಗೊತ್ತಾಗಲಿ," ಎಂದರು ಸಹಾಯಕರು. ಅವರ ಮಾತಿನಂತೆ ಎಂಟಕ್ಕೂ ಚೀಟಿ ಅಂಟಿಸಿದೆವು. ಹೆಸರಿನ ಜಾಗ ಖಾಲಿ ಬಿಟ್ಟು, ನೋಡಿದ ದಿನಾಂಕವನ್ನೂ, ಎಲ್ಲಿ ತಡೆದು ನಿಂತೆವು ಎಂಬುದನ್ನೂ ಪೆನ್ಸಿಲ್ಲಿನಲ್ಲಿ ಬರೆದೆ.